ಅಕ್ಟೋಬರಿನಲ್ಲೇ ಹೇಳಿದ ಮಾತು

ಅಮೆರಿಕದ ಮಿಲ್ಪಿಟಾಸ್‌ನ ಹೈಸ್ಕೂಲೊಂದರಲ್ಲಿ ನರ್ಸ್ ಆಗಿರುವ ಅಮ್ರೀನ್, ಬೆಳಿಗ್ಗೆ ತನ್ನ ಕೋಣೆಯ ಬೀಗ ತೆಗೆದ ಕೂಡಲೇ ಬಿಸ್ಮಿಲ್ಲಾ ಎಂದು ಒಂದು ಕುರ್ಚಿಯನ್ನು ತಿರುಗಿಸಿಡುತ್ತಾಳೆ. ಗುಡಿಸುವವರು ಅದನ್ನು ಬಾಗಿಲಿಗೆ ಮುಖಮಾಡಿ ಇಟ್ಟು ಹೋಗಿರುತ್ತಾರೆ. ಇವಳು ಅದರ ಬೆನ್ನನ್ನು ಬಾಗಿಲ ಕಡೆಗೆ ಮಾಡುತ್ತಾಳೆ. ಅಳುವ ಮಗುವಿನ ಮುಖ ಹೊರಗೆ ಓಡಾಡುವವರಿಗೆ ಕಾಣಬಾರದು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಇದನ್ನು ತಪ್ಪಿಸಿಲ್ಲ.

ತನಗೆ ಹುಡುಗಿಯರೇ ಇಷ್ಟವೆಂದೋ, ಯಾರು ಇಷ್ಟವೆಂದು ಇನ್ನೂ ತಿಳಿಯುತ್ತಿಲ್ಲವೆಂದೋ ಅಲ್ಲಿ ಕೂತು ಹೇಳಿಕೊಂಡ ಹೆಣ್ಣುಮಕ್ಕಳು ಎಷ್ಟೋ. ಅಮ್ರೀನ್ ಬುದ್ಧಿ ಹೇಳಲು ಹೋಗುವುದಿಲ್ಲ. “ನನಗೆ ಹೇಳಿದ್ದು ಒಳ್ಳೇದಾಯ್ತು. ಹೆಸರಿಡೋಕೆ ಅವಸರ ಇಲ್ಲ. ಮನೇಲಿ ಭಯ ಇದೆಯಾ?” ಇಷ್ಟೇ. ಯಾರು ಬಂದರು, ಏಕೆ ಬಂದರು ಎನ್ನುವುದು ಅವಳ ಬಾಯಿಂದ ಹೊರಬೀಳದು. ಪಕ್ಕದ ಶಾಲೆಗೆ ನರ್ಸ್ ಆಗಿ ಬಂದ ಹುಬ್ಬಳ್ಳಿಯ ದೀಪಾಲಿಗೆ ಇದನ್ನೆಲ್ಲ ಕಲಿಸಿದವಳೂ ಅವಳೇ. ಅಮ್ರೀನಳ ಮಗಳು ಮಹ್ವಿಶ್ ಓದುವುದು ದೀಪಾಲಿಯ ಆ ಶಾಲೆಯಲ್ಲೇ.

ಕಳೆದ ಭಾನುವಾರ ಬಟ್ಟೆ ಮಡಿಸುತ್ತಾ ಮಹ್ವಿಶ್ ಅಂದಳು: “ಅಮ್ಮಿ, ಐ ಲೈಕ್ ಗರ್ಲ್ಸ್.”

ಅಮ್ರೀನ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಮಗಳ ಕೈ ಹಿಡಿದು, “ನನಗೆ ಹೇಳಿದ್ದು ಒಳ್ಳೇದಾಯ್ತು ಬೇಟಾ. ಹೆಸರಿಡೋಕೆ ಅವಸರ ಇಲ್ಲ” ಎಂದಳು.

ಮಹ್ವಿಶ್ ನಕ್ಕುಬಿಟ್ಟಳು. “ಸೇಮ್ ದೀಪಾಲಿ ಆಂಟಿ ಥರಾನೇ ಮಾತಾಡ್ತೀರಾ! ಅವರಿಗೆ ಅಕ್ಟೋಬರಲ್ಲೇ ಹೇಳ್ದೆ.”

ಈಗ ಮಾರ್ಚ್. ಮಗಳ ವಿಷಯವನ್ನು ಅಮ್ರೀನ್ ದುವಾದಲ್ಲಿ ಅಲ್ಲಾಹನ ಮುಂದಿಟ್ಟು ಹಗುರಾದಳು. ಹೊಟ್ಟೆ ಉರಿಸಿದ್ದು ಆ ಅಕ್ಟೋಬರ್. ಹೆತ್ತವಳು ಒರೆಸಬೇಕಿದ್ದ ಕಣ್ಣೀರನ್ನು ಇನ್ನೊಬ್ಬಳು ಒರೆಸಿದ್ದಾಳೆ, ಅದೂ ತಾನೇ ಕಲಿಸಿದ ಮಾತಿನಿಂದ! ನಮಾಜಿನಲ್ಲಿ ಹಣೆ ನೆಲಕ್ಕಿಟ್ಟರೂ ದೀಪಾಲಿಯ ಮುಖವೇ ಕಣ್ಣಮುಂದೆ.

ಬುಧವಾರ ನರ್ಸುಗಳ ಮೀಟಿಂಗು ಮುಗಿದ ಮೇಲೆ ದೀಪಾಲಿ ಕಾರಿನವರೆಗೂ ಹಿಂದೆ ಬಂದಳು.

“ಅಕ್ಕಾ, ಇವತ್ತ ನನ್ನ ಬಾಜು ಕುಂಡ್ರಲೇ ಇಲ್ಲಲ್ರೀ? ನಾ ಏನ ಬಳ್ಳೊಳ್ಳಿ ತಿಂದ ಬಾಯಿ ನಾರ್ಕೋತ ಬಂದೀನೇನು?”

ಅಮ್ರೀನ್‌ಗೆ ನಗು ಬರಲಿಲ್ಲ. “ಮಹ್ವಿಶ್ ಎಲ್ಲ ಹೇಳಿದ್ಲು. ಐದು ತಿಂಗಳು ಪ್ರತಿ ಮೀಟಿಂಗಲ್ಲೂ ನನ್ನ ಡಬ್ಬಿಯಲ್ಲೇ ಊಟ ಮಾಡ್ದೆ ನೀನು. ಒಂದು ಮಾತು ಹೇಳ್ಲಿಲ್ವಲ್ಲ?”

“ನೀವ ಕಲಿಸಿದ್ದಲ್ರೀ ಅಕ್ಕಾ.”

“ಗೊತ್ತು. ಅದಕ್ಕೇ ಜಾಸ್ತಿ ಉರಿಯೋದು.”

ದೀಪಾಲಿ ಕಾರಿನ ಬಾಗಿಲ ಮೇಲೆ ಕೈಯಿಟ್ಟಳು. “ಇನ್ನೊಮ್ಮೆ ಬಂದ್ಲಂದ್ರ, ‘ನಿಮ್ಮ ಅಮ್ಮಿಗೇ ಹೇಳ್ಕೋ ಹೋಗವ್ವಾ’ ಅಂತ ಕಳಸ್ಲೇನ್ರೀ?”

ಹೂಂ ಎನ್ನಲು ಅಮ್ರೀನ್ ಬಾಯಿ ತೆರೆದೇ ಇತ್ತು. ಹಾಗೆ ಮಾಡಿದರೆ ಮಗಳು ತನ್ನೊಬ್ಬಳಿಗೇ ಸಿಗುತ್ತಾಳೆ. ಆದರೆ ಹೇಳಿಕೊಳ್ಳಲು ಹೋದ ಕಡೆ ಯಾರೂ ಕೇಳಿಸಿಕೊಳ್ಳದೆ ಹಿಂದಕ್ಕೆ ಬಂದ ಮಕ್ಕಳು ಮತ್ತೆ ಯಾರ ಹತ್ತಿರವೂ ಬಾಯಿ ಬಿಡದಿದ್ದುದನ್ನು ಅವಳು ಕಂಡಿದ್ದಳು.

“ಬೇಡ,” ಎಂದಳು, ದೀಪಾಲಿಯ ಮುಖ ನೋಡದೆ. “ನಿನ್ನ ಹತ್ರಾನೇ ಬರ್ಲಿ.”