ಮನುಷ್ಯರಿಗಲ್ಲದ ಔಷಧಿ

ನಂದಗುಡಿ ಕಡೆ ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರು. ಹೋದ ತಿಂಗಳು ಒಬ್ಬರು ಹಸು ಹಿಡ್ಕೊಳ್ದೆ ಬರಿಗೈಲಿ ಬಂದ್ರು. ಜೇಬಿಂದ ಪುಡಿ ತುಂಬಿದ ಪುಟ್ಟ ಬಾಟ್ಲಿ ತೆಗೆದು, "ಇದೊಂದು ಇಂಜೆಕ್ಷನ್ ಮಾಡ್ಬಿಡಿ ಡಾಕ್ಟ್ರೇ" ಅಂದ್ರು.

"ಯಾರಿಗೆ?"

"ನನಗೇ. ಹೊಟ್ಟೆಹುಣ್ಣು ವಾಸಿಯಾಗ್ತಿಲ್ಲ. ಇದು ಹುಣ್ಣು ವಾಸಿ ಮಾಡೋ ಪೆಪ್ಟೈಡ್ ಅಂತೆ, ಆನ್‌ಲೈನಲ್ಲಿ ತರಿಸ್ದೆ. ಮನುಷ್ಯರಿಗಲ್ಲ ಅಂತ ಬರೆದಿದೆ ನೋಡಿ, ಅದಕ್ಕೇ ನಿಮ್ಮ ಹತ್ರ ಬಂದೆ."

ಲೇಬಲ್ ಓದಿದೆ. ನಿಜ, ಮನುಷ್ಯರಿಗಲ್ಲ, ಸಂಶೋಧನೆಗೆ ಮಾತ್ರ ಅಂತಿತ್ತು. ಫೋನಲ್ಲಿ ಹುಡುಕಿದೆ. ಇದರಿಂದ ಇಲಿಗಳ ಹುಣ್ಣು ವಾಸಿಯಾಗಿದೆಯಂತೆ. ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ಇನ್ನೂ ಆಗಿಲ್ಲವಂತೆ. ದನದ ಸುದ್ದಿಯೇ ಇಲ್ಲ.

"ಇದು ಹಸುಗೂ ಅಲ್ಲ ಕಣ್ರೀ" ಅಂದೆ.

"ಹಂಗಾದ್ರೆ ಮಾರಿದ್ದು ಯಾರಿಗೆ?"

ಬಾಟ್ಲಿ ವಾಪಸ್ ಕೊಟ್ಟೆ. "ಮನುಷ್ಯರ ಡಾಕ್ಟರಿಗೆ ತೋರ್ಸಿ" ಅಂದೆ.

"ಅವರು ಮುಟ್ಟಲ್ಲ ಅಂದ್ಬಿಟ್ರು, ನೀವೂ ಹಂಗೇ" ಅಂತ ಬಾಟ್ಲಿ ಮೇಜಿನ ಮೇಲಿಟ್ಟು ಹೊರಟೇ ಹೋದ್ರು.

ಎಸೆಯೋದೋ ಇಡೋದೋ ತಿಳೀದೆ ಲಸಿಕೆ ಫ್ರಿಜ್ಜಿನ ಮೂಲೇಲಿ ಇಟ್ಟಿದೀನಿ. ನನಗೂ ಗ್ಯಾಸ್ಟ್ರಿಕ್ ಇದೆ. ಅದು ಜಾಸ್ತಿಯಾದ ದಿನ ಫ್ರಿಜ್ ತೆಗೆದು ಲೇಬಲ್ ಇನ್ನೊಂದ್ಸಲ ಓದ್ತೀನಿ, ಮೊದಲ ಸಲ ಸರಿಯಾಗಿ ಓದಿದ್ನೋ ಇಲ್ವೋ ಅಂತ.