ಹಗುರವಾದದ್ದರ ಒದೆತ

ಪೆಕೋಸ್ ನದಿಯ ಪಶ್ಚಿಮದ ಬಯಲಿನಲ್ಲಿ ಬೆಳಗಿನ ಹೊತ್ತು ದೂರವನ್ನು ಅಳೆಯುವುದು ಕಷ್ಟ. ಬಿಸಿಲೇರುವವರೆಗೆ ಗುಡ್ಡಗಳು ನೆಲಕ್ಕೆ ತಾಗದೆ ಸ್ವಲ್ಪ ಮೇಲೆ ತೇಲುತ್ತಿರುತ್ತವೆ. ದನಗಳ ಕಾಲು ಕಾಣಿಸುವುದಿಲ್ಲ, ಬೆನ್ನುಗಳಷ್ಟೇ ಬಿಳಿಯ ಹೊಳಪಿನಲ್ಲಿ ಮೆಲ್ಲಗೆ ಸಾಗುತ್ತವೆ. ಆ ತೇಲಾಟದ ನಡುವೆ ಓಲೀಟಾ ಸ್ಟೋವಾಲ್ ಅವರ ಹಳೆಯ ಪಿಕಪ್ ಒಂದು ಗಾಳಿಯಂತ್ರದಿಂದ ಇನ್ನೊಂದಕ್ಕೆ ಹೋಗುತ್ತಿತ್ತು.

ಪ್ರೂಯಿಟ್ ರ‍್ಯಾಂಚಿನ ಬಾವಿಗಳಿಂದ ದನಗಳಿಗೆ ನೀರೆತ್ತುವ ಗಾಳಿಯಂತ್ರಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಏಣಿ ಹತ್ತಿ ಮೇಲಿನ ಪೆಟ್ಟಿಗೆಯ ಎಣ್ಣೆ ಬದಲಿಸುವುದು, ಪಂಪಿನ ಸವೆದ ಚರ್ಮದ ಬಿಲ್ಲೆ ತೆಗೆದು ಹೊಸದು ಹಾಕುವುದು, ತೊಟ್ಟಿಯಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ನೋಡುವುದು. ಅದೇ ಬಾವಿಗಳ ನೀರಿನಲ್ಲಿ ಉಪ್ಪೆಷ್ಟಿದೆ ಎಂದು ಪರೀಕ್ಷಿಸುವುದು ನನ್ನ ಕೆಲಸವಾದ್ದರಿಂದ ಎಷ್ಟೋ ಸಲ ಅವರ ಪಿಕಪ್‌ನಲ್ಲೇ ಹೋಗುತ್ತಿದ್ದೆ. ಅವರು ಮೇಲೆ, ನಾನು ಕೆಳಗೆ ಬಾಟಲಿ ತುಂಬಿಸುತ್ತ. ಕೆಲಸ ಮುಗಿದ ಮೇಲೂ ಅವರು ಕೂಡಲೇ ಇಳಿಯುತ್ತಿರಲಿಲ್ಲ. ಏಣಿಯ ತುದಿಯ ಹಲಗೆಯ ಮೇಲೆ ಕೂತು ಬಯಲು ನೋಡುತ್ತಿದ್ದರು. ಗಂಡ ತೀರಿಕೊಂಡ ವರ್ಷ ಊರಿನವರೆಲ್ಲ ಹೇಗಿದ್ದೀಯ ಎಂದು ಕೇಳಿ ಕೇಳಿ ಸುಸ್ತು ಮಾಡಿದ್ದರಂತೆ. ಗಾಳಿಯಂತ್ರ ಏನನ್ನೂ ಕೇಳಲಿಲ್ಲ, ಅದಕ್ಕೇ ಈ ಕೆಲಸ ಹಿಡಿದೆ ಎಂದು ಒಮ್ಮೆ ಹೇಳಿದ್ದರು.

ಅಲ್ಲಿ ಒಬ್ಬರೇ ದೂರದ ಹೊಲಗಳಿಗೆ ಹೋಗುವವರು ನೀರಿನ ಡಬ್ಬಿಯಂತೆಯೇ ರಿವಾಲ್ವರನ್ನೂ ಒಯ್ಯುತ್ತಾರೆ. ಓಲೀಟಾ ಅವರದು ಗಂಡನ ಕಾಲದ ಉಕ್ಕಿನದು, ಭಾರ. ಏಣಿ ಹತ್ತುವಾಗ ಪ್ರತಿ ಮೆಟ್ಟಿಲಿಗೂ ಡಿಕ್ಕಿ ಹೊಡೆಯುತ್ತಿತ್ತು. ಸಂಜೆಯ ಹೊತ್ತಿಗೆ ಸೊಂಟದ ಮೂಳೆಯ ಮೇಲೆ ನೀಲಿ ಗುರುತು. ಅದನ್ನು ನೋಡಲಾರದೆ ಅವರ ತಮ್ಮ ರಾಯ್ಸ್, ಅಕ್ಕನ ಹುಟ್ಟುಹಬ್ಬಕ್ಕೆ ಅಲ್ಯೂಮಿನಿಯಂ ಮೈಯ, ಗಿಡ್ಡ ನಳಿಕೆಯ ಪುಟ್ಟ ರಿವಾಲ್ವರ್ ತಂದುಕೊಟ್ಟರು. ಐದು ಗುಂಡಿನದು. ಓಲೀಟಾ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಕಾಗದದ ಡಬ್ಬಿಯೇ ಇದಕ್ಕಿಂತ ಭಾರ ಇತ್ತಲ್ಲೋ ಎಂದರು. ಪ್ಯಾಂಟಿನ ಮುಂದಿನ ಜೇಬಿನಲ್ಲಿ ಅದು ಆರಾಮವಾಗಿ ಕೂರುತ್ತಿತ್ತು. ಆ ಜೇಬಿನಲ್ಲಿದ್ದ ಪೆಪ್ಪರ್‌ಮಿಂಟ್‌ಗಳು ಶರ್ಟಿನ ಜೇಬಿಗೆ ಹೋದವು.

ರಾಯ್ಸ್ ತಮ್ಮ ಶೆಡ್ಡಿನಲ್ಲಿ ತೋಟಾಗಳನ್ನು ತಾವೇ ತಯಾರಿಸುವವರು. ಮದ್ದು ತೂಗಿ, ತುಂಬಿ, ಗುಂಡನ್ನು ಒತ್ತಿ ಕೂರಿಸುವ ಕೆಲಸದಲ್ಲಿ ಅವರಿಗೆ ಬೇರೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಅಕ್ಕನ ಬಂದೂಕು ಚಿಕ್ಕದಾಯಿತು ಎಂಬ ಚಿಂತೆಗೆ, ಅದು ತಡೆಯಬಲ್ಲ ಅತಿ ಜೋರಿನ ತೋಟಾಗಳನ್ನು ಮಾಡಿಕೊಟ್ಟರು. ಆ ಊರಿನಲ್ಲಿ ಪ್ರೀತಿಯಿದ್ದವರು ಮಾಡುವುದೇ ಹೀಗೆ. ಹೆಂಡತಿಗೋ ಅಕ್ಕನಿಗೋ ಅತಿ ಹಗುರವಾದದ್ದನ್ನು ಕೊಡುತ್ತಾರೆ, ಅದರೊಳಗೆ ಅತಿ ಜೋರಿನದನ್ನು ತುಂಬುತ್ತಾರೆ. ಗುಂಡು ಮುಂದಕ್ಕೆ ಎಷ್ಟು ರಭಸ ಒಯ್ಯುತ್ತದೋ ಅಷ್ಟನ್ನು ಬಂದೂಕು ಹಿಂದಕ್ಕೆ ತರಬೇಕು. ಭಾರದ ಬಂದೂಕು ಅದನ್ನು ನಿಧಾನವಾಗಿ ತರುತ್ತದೆ, ತಳ್ಳಿದಂತಾಗುತ್ತದೆ. ಹಗುರದ್ದು ವೇಗವಾಗಿ ತರುತ್ತದೆ, ಹೊಡೆದಂತಾಗುತ್ತದೆ. ಓಲೀಟಾ ಅವರ ಕೈ ಇದನ್ನು ಮೊದಲ ದಿನವೇ ತಿಳಿದುಕೊಂಡಿತು. ಆಮೇಲೆ ಬಹಳ ದಿನ ಅವರು ಅದನ್ನು ಹೊತ್ತುಕೊಂಡು ತಿರುಗಿದರೇ ಹೊರತು ಒಮ್ಮೆಯೂ ಹಾರಿಸಲಿಲ್ಲ.

ಆ ಬೇಸಿಗೆಯಲ್ಲಿ ಪಕ್ಕದ ರ‍್ಯಾಂಚಿನಲ್ಲಿ ಬೇಲಿ ಕಟ್ಟುತ್ತಿದ್ದವನನ್ನು ಹುಚ್ಚು ಹಿಡಿದ ನರಿಯೊಂದು ಹಾಡಹಗಲೇ ಅಟ್ಟಿಸಿಕೊಂಡು ಬಂದು ಕಚ್ಚಿತು. ಅವನು ಚುಚ್ಚುಮದ್ದು ಹಾಕಿಸಿಕೊಂಡು ಉಳಿದುಕೊಂಡ. ಆದರೆ ರ‍್ಯಾಂಚಿನ ಒಡತಿ ಡಾರ್ಲಾ ಪ್ರೂಯಿಟ್ ಅವರ ನಿದ್ದೆ ಹೋಯಿತು. ಕರುಗಳನ್ನು ಮಾರಾಟಕ್ಕೆ ಕಳಿಸುವ ಮೊದಲು ಓಲೀಟಾ ತಮ್ಮ ಕಣ್ಣೆದುರು ಕಾಫಿ ಡಬ್ಬಿಗೆ ಗುರಿಯಿಟ್ಟು ತೋರಿಸಬೇಕು, ಇಲ್ಲದಿದ್ದರೆ ದೂರದ ಬಾವಿಗಳಿಗೆ ಇಬ್ಬರು ಗಂಡಾಳುಗಳನ್ನು ಕಳಿಸುತ್ತೇನೆ, ಓಲೀಟಾ ಮನೆಯ ಹತ್ತಿರದ ಯಂತ್ರ ನೋಡಿಕೊಂಡರೆ ಸಾಕು ಎಂದರು. ಕಟುವಾಗಿ ಹೇಳಲಿಲ್ಲ. ಕೈ ಹಿಡಿದುಕೊಂಡೇ ಹೇಳಿದರು. ಮನೆಯ ಹತ್ತಿರದ ಯಂತ್ರದ ಮೇಲೆ ಕೂತರೆ ಕಾಣುವುದು ಹೆದ್ದಾರಿ ಮತ್ತು ಪೆಟ್ರೋಲ್ ಬಂಕು.

ರಾಯ್ಸ್ ಅವರ ಮನೆ ಹಿಂದಿನ ಒಣ ಹಳ್ಳದಲ್ಲಿ ಶನಿವಾರ ಶನಿವಾರ ಅಭ್ಯಾಸ ಶುರುವಾಯಿತು, ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಗುಂಡೂ ಡಬ್ಬಿಗೆ ತಾಗಲಿಲ್ಲ. ಡಬ್ಬಿಯ ಮುಂದಿನ ಮರಳು ಮಾತ್ರ ಎದ್ದೆದ್ದು ಬೀಳುತ್ತಿತ್ತು. ಕನ್ನಡಕ ಬದಲಿಸಿ ಬಾ ಎಂದು ರಾಯ್ಸ್ ಅಂದರು. ಬದಲಿಸಿ ಬಂದ ಮೇಲೂ ಅಷ್ಟೇ.

“ಅಕ್ಕ, ಈ ಊರಲ್ಲಿ ಅತ್ಯಂತ ಕ್ಷೇಮವಾಗಿರೋದು ಅಂದ್ರೆ ಆ ಡಬ್ಬಿ ನೋಡು,” ಎಂದರು.

“ನೀನೂ ಅದರ ಪಕ್ಕ ನಿಂತ್ಕೋ ಹೋಗು, ಕ್ಷೇಮವಾಗಿರ್ತೀಯ.”

ವಾಪಸು ಬರುವಾಗ ಪಿಕಪ್‌ನಲ್ಲಿ ಓಲೀಟಾ ಕೈಗವಸು ತೆಗೆದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಸುಲಿದಿತ್ತು. ತಮ್ಮನಿಗೆ ಹೇಳಬೇಡ ಎಂದರು. ಅವನು ಎಷ್ಟು ಆಸೆಯಿಂದ ತಂದುಕೊಟ್ಟಿದ್ದು, ಅದೊಂದು ಸಂಗತಿ. ಇನ್ನೊಂದು, ನೋವೆಂದು ಬಾಯಿಬಿಟ್ಟರೆ ವಯಸ್ಸಾಯಿತು ಎಂಬ ಮಾತು ಡಾರ್ಲಾವರೆಗೆ ಹೋಗುತ್ತದೆ.

ಮುಂದಿನ ಶನಿವಾರ ನಾನು ಹೇಳುವುದೋ ಬೇಡವೋ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ರಾಯ್ಸ್ ಅವರೇ ರಿವಾಲ್ವರ್ ತೆಗೆದುಕೊಂಡು, ಅತ್ತ ತಿರುಗಿ ತುಂಬಿಸಿ, ಅಕ್ಕನ ಕೈಗಿಟ್ಟರು. ನಡುವೆ ಎಲ್ಲೋ ಒಂದು ಖಾಲಿ ತೋಟಾ ಸೇರಿಸಿದ್ದರು. ಅದು ಅವರ ತಂದೆ ಮಕ್ಕಳಿಗೆ ಕಲಿಸುವಾಗ ಮಾಡುತ್ತಿದ್ದ ಉಪಾಯವಂತೆ. ಎರಡು ಸದ್ದಾದವು, ಮರಳು ಎದ್ದಿತು. ಮೂರನೆಯದಕ್ಕೆ ಬರೀ ಒಂದು ಟಿಕ್.

ಸದ್ದಿಲ್ಲದ ಆ ಕ್ಷಣದಲ್ಲಿ ರಾಯ್ಸ್ ಅವರೂ ನಾನೂ ನೋಡಿದೆವು. ಬಂದೂಕು ಒದೆಯಲೇ ಇಲ್ಲ. ಆದರೂ ನಳಿಕೆ ತಲೆ ತಗ್ಗಿಸಿ ಮರಳಿನತ್ತ ಬಾಗಿತ್ತು, ಓಲೀಟಾ ಅವರ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಬರಲಿರುವ ಏಟಿಗೆ ಕೈ ಮೊದಲೇ ಕುಗ್ಗಿತ್ತು. ಹಳ್ಳದ ಮೇಲಿನ ಮೆಸ್ಕೀಟ್ ಗಿಡದಲ್ಲಿ ಗಾಳಿ ಒಮ್ಮೆ ಹಾದುಹೋಯಿತು. ಕಣ್ಣು ತೆರೆದ ಅವರು ತಮ್ಮ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದರು.

ನಾನು ರಾಯ್ಸ್ ತಮಾಷೆ ಮಾಡುತ್ತಾರೆಂದುಕೊಂಡೆ. ಅವರು ರಿವಾಲ್ವರ್ ತೆಗೆದುಕೊಂಡು ಖಾಲಿ ಮಾಡಿ, ಅಕ್ಕನ ಕೈಗವಸನ್ನು ಮೆಲ್ಲಗೆ ಬಿಚ್ಚಿದರು. ಸುಲಿದ ಚರ್ಮ ನೋಡಿದರು.

“ಯಾಕೆ ಹೇಳಲಿಲ್ಲ?”

“ಏನಂತ ಹೇಳ್ಲಿ? ನಿನ್ನ ತೋಟಾ ನನ್ನ ಕೈಗೆ ಹೆದರೋದು ಕಲಿಸ್ತು, ರಾಯ್ಸ್. ಇನ್ನೇನೂ ಕಲಿಸಲಿಲ್ಲ.”

ರಾಯ್ಸ್ ಉಳಿದ ತೋಟಾಗಳನ್ನು ಡಬ್ಬಕ್ಕೆ ಹಾಕಿ ಜೇಬಿಗೆ ಸೇರಿಸಿಕೊಂಡರು. ಶೆಡ್ಡಿನ ಕಡೆ ನಡೆದುಹೋದರು.

ಅಲ್ಲಿಂದಾಚೆ ಅವರು ಮಾಡಿದ್ದು ಚಪ್ಪಟೆ ಮೂತಿಯ, ಮೆಲ್ಲಗೆ ಹೋಗುವ ಗುಂಡಿನ ತೋಟಾಗಳನ್ನು. ಮದ್ದು ಎಷ್ಟು ಕಡಿಮೆಯೆಂದರೆ, ಇಂಥದ್ದನ್ನು ಮಾಡಿದೆನೆಂದು ಊರಲ್ಲಿ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡರು. ಮರದ ಸಣ್ಣ ಹಿಡಿಯನ್ನು ತೆಗೆದು ರಬ್ಬರಿನ ದಪ್ಪ ಹಿಡಿ ಹಾಕಿದರು. ಕಿರುಬೆರಳಿಗೂ ಜಾಗ ಸಿಕ್ಕಿತು, ಹಿಂಬದಿಯ ಲೋಹ ಚರ್ಮಕ್ಕೆ ತಾಗುವುದು ನಿಂತಿತು. ಆದರೆ ರಬ್ಬರು ಜೇಬಿನ ಬಟ್ಟೆಗೆ ಅಂಟಿಕೊಂಡು ರಿವಾಲ್ವರ್ ಹೊರಗೆ ಬರಲೊಲ್ಲದು. ಕೈಗೆ ಸುಖವಾದದ್ದು ಜೇಬಿಗೆ ಸುಖವಾಗಲಿಲ್ಲ. ಓಲೀಟಾ ಒಂದು ಸಂಜೆ ಕೂತು, ಜೇಬಿನ ಬಾಯಿಯನ್ನು ಬಿಚ್ಚಿ ಅಗಲ ಮಾಡಿ, ಹಳೆಯ ಬೂಟಿನ ಚರ್ಮದಿಂದ ಟ್ರಿಗರ್ ಪೂರ್ತಿ ಮುಚ್ಚುವಂಥ ಪುಟ್ಟ ಚೀಲ ಹೊಲಿದುಕೊಂಡರು. ಚೀಲ ಜೇಬಿನಲ್ಲೇ ಉಳಿಯುತ್ತಿತ್ತು, ರಿವಾಲ್ವರ್ ಮಾತ್ರ ನುಣುಪಾಗಿ ಮೇಲೆ ಬರುತ್ತಿತ್ತು.

ಹೆದರಿಕೆ ಮರೆಸುವುದಕ್ಕೆ ಇದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಸಂಜೆಗಳಲ್ಲಿ ಅವರು ತೋಟಾಗಳನ್ನೆಲ್ಲ ಅಡುಗೆಮನೆಯಲ್ಲಿಟ್ಟು, ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಂಡು, ಮನೆ ಹಿಂದಿನ ಮಣ್ಣುದಿಬ್ಬದ ಕಡೆ ಮುಖಮಾಡಿ ಕೂರುತ್ತಿದ್ದರು. ನಳಿಕೆಯ ಮೇಲೆ ನಾನು ಒಂದು ಡೈಮ್ ನಾಣ್ಯ ಇಡಬೇಕು, ಅವರು ಅದು ಬೀಳದಂತೆ ಟ್ರಿಗರ್ ಒತ್ತಬೇಕು. ಮೊದಮೊದಲು ನಾಣ್ಯ ಹುಡುಕುವುದೇ ನನ್ನ ಕೆಲಸವಾಯಿತು. ಬೆಳಕು ಕೆಂಪಾಗಿ, ಆಮೇಲೆ ನೇರಳೆಯಾಗಿ, ಗುಡ್ಡಗಳು ಒಂದೊಂದೇ ನೆಲಕ್ಕಿಳಿದು ಕೂರುವ ಹೊತ್ತು. ಟಿಕ್. ಇನ್ನೊಂದು ಟಿಕ್. ಒಂದು ಸಂಜೆ ನಾಣ್ಯ ಹೊತ್ತ ನಳಿಕೆ ಎಷ್ಟು ನಿಶ್ಚಲವಾಗಿತ್ತೆಂದರೆ ಸದ್ದೇ ಕೇಳಲಿಲ್ಲವೇನೋ ಅನ್ನಿಸಿತು. ಅವರು ನಿದ್ದೆಯಲ್ಲಿರುವವರ ಹಾಗೆ ಉಸಿರಾಡುತ್ತಿದ್ದರು, ಕಣ್ಣು ಮಾತ್ರ ತೆರೆದಿತ್ತು.

ಡಾರ್ಲಾ ಹೇಳಿದ ದಿನ ಬಂತು. ದೂರದ ಬಾವಿಗಳಲ್ಲೊಂದಾದ ಲೋಬೋ ಬಾವಿಯ ಹೊಲಕ್ಕೆ ಹೋಗುವ ಗೇಟಿನ ಬಳಿ, ಮಣ್ಣಿನ ಒಡ್ಡಿನ ಮುಂದೆ ಡಬ್ಬಿ ಇಟ್ಟರು. ಮೊದಲನೆಯದು ತಪ್ಪಿತು. ರಾಯ್ಸ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಓಲೀಟಾ ಕೈ ಇಳಿಸಿ, ಹಿಡಿಯನ್ನು ಇನ್ನಷ್ಟು ಮೇಲೆ, ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಆತುರವಿರಲಿಲ್ಲ. ಎರಡನೆಯದು ತಾಗಿತು. ಮೂರನೆಯದಕ್ಕೆ ಡಬ್ಬಿ ಉರುಳಿತು. ಮಲಗಿದ ಡಬ್ಬಿಗೆ ಮತ್ತೊಂದು ತಾಗಿತು, ಕೊನೆಯದು ಅದರ ಅಂಚು ಸವರಿಕೊಂಡು ಹೋಯಿತು.

ಡಾರ್ಲಾ ಡಬ್ಬಿಯನ್ನು ಎತ್ತಿ ತೂತುಗಳೊಳಗಿಂದ ಆಕಾಶ ನೋಡಿದರು.

“ನರಿ ಹಿಂಗೆ ಸುಮ್ನೆ ಕೂತಿರಲ್ಲ, ಮಿಸ್ ಓಲೀಟಾ.”

“ಕೂತಿರಲ್ಲ. ನಾನು ಮೊದಲು ಏಣಿ ಹತ್ತೋದೇ. ಹತ್ತಕ್ಕೆ ಆಗದಿದ್ರೆ ಮಾತ್ರ ಇದು. ಆಗ ಕಣ್ಣು ಮುಚ್ಚಲ್ಲ, ಅಷ್ಟು ಹೇಳಬಲ್ಲೆ.”

ಡಾರ್ಲಾ ಡಬ್ಬಿಯನ್ನು ಗೇಟಿನ ಕಂಬದ ಮೇಲಿಟ್ಟರು. ಹೊಲದಾಚೆಯಿಂದ ಗಾಳಿ ಬೀಸುತ್ತಿತ್ತು, ಅದರ ಜೊತೆ ಎಲ್ಲಿಂದಲೋ ತೆಳ್ಳಗಿನ ಕಿರುಚು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

“ಲೋಬೋ ಬಾವಿ ಯಂತ್ರ ಗುರುವಾರದಿಂದ ಹಂಗೇ ಅಳ್ತಾ ಇದೆ,” ಎಂದು ಡಾರ್ಲಾ ಗೇಟಿನ ಸರಪಳಿ ಬಿಚ್ಚಿದರು. “ದನಗಳಿಗೂ ಬೇಜಾರಾಗಿದೆ. ಎಣ್ಣೆ ಇದೆಯಾ ಗಾಡೀಲಿ?”

ಎಣ್ಣೆ ಇತ್ತು. ನಾನೂ ಜೊತೆಗೆ ಹೊರಡಲು ಎದ್ದೆ. ಓಲೀಟಾ ಬೇಡವೆಂದು ತಲೆಯಾಡಿಸಿದರು, ನಾನು ಕೂತೆ. ಅವರ ಪಿಕಪ್ ಬಿಳಿಯ ದಾರಿಯಲ್ಲಿ ಚಿಕ್ಕದಾಗುತ್ತ ಹೋಗಿ, ನೆಲ ಬಿಟ್ಟು ಸ್ವಲ್ಪ ಮೇಲೆ ತೇಲಿ, ಹೊಳಪಿನಲ್ಲಿ ಕರಗಿತು. ನಾವು ಮೂವರೂ ರಾಯ್ಸ್ ಅವರ ಗಾಡಿಯ ಹಿಂಬದಿಯಲ್ಲಿ ಕೂತು ಕಾಫಿ ಕುಡಿದೆವು. ಕಾಫಿ ಆರಿದ ಮೇಲೂ ಕೂತೇ ಇದ್ದೆವು. ದೂರದ ಆ ಕಿರುಚು ಒಮ್ಮೆ ಉದ್ದವಾಗಿ ಎದ್ದಿತು, ಅರ್ಧದಲ್ಲೇ ನಿಂತಿತು, ಮತ್ತೆ ಬರಲಿಲ್ಲ. ಗಾಳಿ ಮಾತ್ರ ಹಾಗೇ ಬೀಸುತ್ತಿತ್ತು.