ಹೆಲುನಾಳನ್ನು ಕರೆದ ದನಿ

ನಮ್ಮಲ್ಲಿಗೆ ರಜೆ ಕಳೆಯಲು ಬರುವ ಅಪ್ಪ ಅಮ್ಮಂದಿರು ಕಾರಿನಿಂದ ಇಳಿದು, ಸೊಳ್ಳೆ ಹೊಡೆದುಕೊಳ್ಳುತ್ತಲೇ ಕೇಳುವ ಮೊದಲ ಪ್ರಶ್ನೆ, "ಮಕ್ಕಳಿಗೆ ಇಲ್ಲಿ ಏನಿದೆ?" ಎಂಬುದು. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಣ್ಣು ಹಾಯುವಷ್ಟು ದೂರ ಕಾಡು, ಅಂಗಳದ ಕೆಳಗೆ ಸರೋವರ. ಇನ್ನೇನು ಬೇಕು, ನನ್ನ ತಲೆಯೇ? ಆದರೆ ನಮ್ಮ ಅತ್ತಿಗೆ ತೈಮಿಗೆ ಅಂಥ ಕೋಪವಿಲ್ಲ. ಅವಳು ಸೊಂಟ ಹಿಡಿದುಕೊಂಡೇ ಬಗ್ಗಿ, ಮಗುವಿನ ಮುಖ ನೋಡಿ, "ನಿಂಗೆ ಹಸು ಸಾಕೋಕೆ ಬರುತ್ತಾ?" ಎನ್ನುತ್ತಾಳೆ. ಅಲ್ಲಿಗೆ ಆ ಮಗು ಅವಳದು.

ತೈಮಿ ನನ್ನ ಅಣ್ಣ ವೇಯ್ಕೊನ ಹೆಂಡತಿ. ಫಿನ್‌ಲ್ಯಾಂಡಿನ ಪೂರ್ವ ಗಡಿಯ ಈ ಮನೆಗೆ ಮದುವೆಯಾಗಿ ಬಂದ ದಿನವೇ ಸೀರಿಯಸ್ಸಾಗಿ ಕೊಟ್ಟಿಗೆ ಎಲ್ಲಿ ಎಂದು ಕೇಳಿದವಳು. ಅಣ್ಣ ಹೋದ ಮೇಲೆ, ನಾನು ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾಗಿ ಅವಳ ಜೊತೆ ಬಂದು ಸೇರಿಕೊಂಡೆ. ಹಳೆಯ ಮರದ ಗುಡಿಸಲುಗಳನ್ನು ಸರಿಮಾಡಿಸಿ ಬೇಸಿಗೆಯಲ್ಲಿ ಸಂಸಾರಸ್ಥರಿಗೆ ಬಾಡಿಗೆಗೆ ಕೊಡುತ್ತೇವೆ. ಅಡುಗೆ, ಸೌನಾ ಎಂಬ ಹಬೆ ಸ್ನಾನದ ಕೋಣೆಯ ಬಿಸಿ, ಬಂದವರ ಜೊತೆ ಜಗಳ ನನ್ನ ಪಾಲು. ಮಕ್ಕಳು ಅವಳ ಪಾಲು. ಜೋಕಾಲಿಯನ್ನಾದರೂ ತರಿಸೋಣವೆಂದು ನಾನು ಎಷ್ಟೋ ಸಲ ಹೇಳಿದೆ. "ಕೊಂಬೆ ಇದ್ಯಲ್ಲೇ ರೈಲಿ, ಅದಕ್ಕೇ ಜೋತು ಬೀಳ್ತವೆ ಬಿಡು" ಎಂದಳು.

ಜೋತು ಬೀಳುತ್ತವೆ ನಿಜ. ಬರಿಗಾಲಲ್ಲಿ ಕಣ್ಣು ಮುಚ್ಚಿ ಪಾಚಿಯ ಮೇಲೆ ನಡೆಯುತ್ತವೆ. ಇರುವೆ ಗೂಡಿನ ಮೇಲೆ ಕಡ್ಡಿಯಿಟ್ಟು ತೆಗೆದು, ಅದನ್ನು ನೆಕ್ಕಿ, ಹುಳಿಗೆ ಮುಖ ಸೊಟ್ಟ ಮಾಡುತ್ತವೆ. ತೊಗಟೆಯ ದೋಣಿ ಬಿಟ್ಟು ಅದರ ಹಿಂದೆ ತೊರೆಯುದ್ದಕ್ಕೂ ಓಡುತ್ತವೆ. ಹಿಟ್ಟನ್ನು ಕೋಲಿಗೆ ಸುತ್ತಿ ಬೆಂಕಿಯಲ್ಲಿ ಸುಟ್ಟು, ಹೊರಗೆ ಕಪ್ಪು, ಒಳಗೆ ಹಸಿ ಇರುವ ಅದನ್ನು ಅಮೃತದಂತೆ ತಿನ್ನುತ್ತವೆ. ಆದರೆ ಎಲ್ಲಕ್ಕಿಂತ ದೊಡ್ಡ ಆಟ ಹಸುಗಳದು. ಸ್ಪ್ರೂಸ್ ಮರದ ಉದ್ದನೆಯ ಕಾಯಿಗೆ ನಾಲ್ಕು ಕಡ್ಡಿ ಚುಚ್ಚಿದರೆ ಹಸು. ಪೈನ್ ಮರದ ಗುಂಡನೆಯ ಕಾಯಿ ಕುರಿ. ನಾವು ಚಿಕ್ಕವರಿದ್ದಾಗ ಆಡಿದ್ದೇ. ಸೌನಾದ ಹಿಂದಿನ ದೊಡ್ಡ ಮರದ ಬುಡದಲ್ಲಿ ಕಡ್ಡಿ ಕೊಟ್ಟಿಗೆ ಕಟ್ಟಿ, ಹಗಲೆಲ್ಲ ಹಸುಗಳನ್ನು ಪಾಚಿಯಲ್ಲಿ ಮೇಯಿಸಿ, ಸಂಜೆ ಹೊಡೆದುಕೊಂಡು ಬರಬೇಕು.

ಆಟಕ್ಕೆ ತೈಮಿಯದೊಂದು ಕಾನೂನಿದೆ. ಕರೆ ಕೇಳಿದ ಕೂಡಲೇ ಹಸುವೂ ಬರಬೇಕು, ಕಾಯುವವರೂ ಬರಬೇಕು. ಎಷ್ಟೇ ತಡವಾಗಿ ಬಂದರೂ ಬೈಯುವ ಹಾಗಿಲ್ಲ. "ಮನೆಗೆ ಬಂದ ಹಸೂನ ಬೈದ್ರೆ ನಾಳೆ ಅದು ಬರಲ್ಲ. ಬಂದಿದ್ದಕ್ಕೆ ಒಂದು ಚಿಟಿಕೆ ಉಪ್ಪು ಕೊಡಬೇಕು." ಮಕ್ಕಳು ಸಾಲಾಗಿ ನಿಂತು ಅಂಗೈ ಚಾಚುತ್ತವೆ, ಉಪ್ಪು ಹಾಕಿಸಿಕೊಂಡು ನೆಕ್ಕುತ್ತವೆ. ಆದರೆ ಕರೆಯುತ್ತಿದ್ದುದು ಮಾತ್ರ ನಾನು, ಇಲ್ಲವೇ ಮಕ್ಕಳೇ. ತುಟಿ ನಡುಗಿಸಿ "ಪ್ತ್ರೂಯ್, ಪ್ತ್ರೂಯ್" ಎನ್ನುವುದರಲ್ಲಿ ಉಗುಳು ಹಾರುವುದೇ ಹೆಚ್ಚು. ತೈಮಿ ಕರೆಯುತ್ತಿರಲಿಲ್ಲ.

ಕೊಟ್ಟಿಗೆಯಲ್ಲಿ ನಿಜವಾದ ಹಸುಗಳಿದ್ದ ಕಾಲಕ್ಕೆ ಅವಳು ಅಂಗಳದಲ್ಲಿ ನಿಂತು ಕರೆದರೆ ಸರೋವರದ ಆಚೆ ದಡದವರು ಗಡಿಯಾರ ನೋಡದೆ ಒಲೆ ಹೊತ್ತಿಸುತ್ತಿದ್ದರು. ಅಷ್ಟು ಎತ್ತರದ, ಅಷ್ಟು ಇಂಪಾದ ದನಿ. ಆಮೇಲೆ ಅಣ್ಣ ಹೋದ, ಅವಳ ಮಂಡಿ ಕೈಕೊಟ್ಟಿತು, ಹಸುಗಳನ್ನು ಮಾರಬೇಕಾಯಿತು. ಲಾರಿ ಬಂದ ದಿನ ನಾನೂ ಅಲ್ಲೇ ಇದ್ದೆ. ಉಳಿದವೆಲ್ಲ ಹತ್ತಿದವು. ಹೆಲುನಾ ಎಂಬ ಕೆಂದ ಹಸು ಮಾತ್ರ ಹಲಗೆಯ ಮೇಲೆ ಕಾಲಿಡಲಿಲ್ಲ. ಎಳೆದು ಸುಸ್ತಾದ ಲಾರಿಯವನು, "ನೀವೇ ಒಂದ್ಸಲ ಕರೀರಿ, ನಿಮ್ಮ ದನಿಗೆ ಬರ್ತಾಳೆ" ಎಂದ. ತೈಮಿ ಲಾರಿಯೊಳಗೆ ಹೋಗಿ ನಿಂತು ಕರೆದಳು. ಹೆಲುನಾ ಕಿವಿ ನಿಮಿರಿಸಿ, ಒಂದು ಕ್ಷಣವೂ ಅನುಮಾನಪಡದೆ, ಟಕ ಟಕ ಹತ್ತಿಹೋದಳು. ಅವತ್ತಿನಿಂದ ತೈಮಿ ಆ ದನಿ ತೆಗೆದಿರಲಿಲ್ಲ.

ಹೋದ ಬೇಸಿಗೆ ಪಿಹ್ಲಾ ಎಂಬ ಐದು ವರ್ಷದ ಹುಡುಗಿ ಬಂದಳು. ಅವಳ ಅಮ್ಮ ಹೆನ್ನಾ ಒಳ್ಳೆಯವಳೇ, ಸ್ವಲ್ಪ ಸಿಡುಕಿ. ಪಿಹ್ಲಾ ಬಂದ ದಿನವೇ ಕಾಯಿ ಹಸು ಮಾಡಿಕೊಂಡು, "ಅಜ್ಜಿ, ನಿನ್ನ ಹಸುಗಳಲ್ಲಿ ತುಂಬಾ ಒಳ್ಳೇದು ಯಾವುದಿತ್ತು?" ಎಂದು ಕೇಳಿದಳು.

ತೈಮಿ ಕಾಯಿಯ ಕಡ್ಡಿ ಕಾಲು ಸರಿಮಾಡುತ್ತ, "ಹೆಲುನಾ" ಎಂದಳು.

"ಹಾಗಾದ್ರೆ ಇದೂ ಹೆಲುನಾ. ಸಂಜೆ ನೀನೇ ಕರೀಬೇಕು."

"ನನ್ನ ಗಂಟಲು ಕೆಟ್ಟಿದೆ ಕಣೇ ಪುಟ್ಟಿ."

"ದಿನಾ ಕೆಟ್ಟಿರುತ್ತಾ?"

"ದಿನಾ."

"ಸುಳ್ಳಿ!" ಎಂದಳು ಪಿಹ್ಲಾ. ಆ ಹುಡುಗಿಯ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿತು.

ಮೂರು ನಾಲ್ಕು ದಿನದ ಮೇಲೆ ಗುಡಿಸಲುಗಳಲ್ಲಿದ್ದವರೆಲ್ಲ ತೊರೆಯ ಆಚೆ ನೀಲಿಹಣ್ಣು ಕೀಳಲು ಹೋದರು. ಪಿಹ್ಲಾ ಹೆಲುನಾಗೆ ದಾರಿ ಬಿಡಿಸಲು ಹೋಗಿ, ಅಮ್ಮ ಬೆಳಗಿನಿಂದ ತುಂಬಿಸಿದ್ದ ಬಕೆಟ್ಟನ್ನು ಒದ್ದುಬಿಟ್ಟಳು. ಹಣ್ಣೆಲ್ಲ ಕೆಸರುಪಾಲು. ಹೆನ್ನಾ ಬಾಯಿಗೆ ಬಂದಂತೆ ಬೈದಳು. ಬೈದು, ಬಗ್ಗಿ ಹಣ್ಣು ಆರಿಸಿ, ತಲೆಯೆತ್ತಿದರೆ ಮಗು ಇಲ್ಲ.

ಅವರು ಓಡಿಬಂದು ಸುದ್ದಿ ಹೇಳಿದಾಗ ನಾನು ಒಲೆ ಹಾಗೇ ಬಿಟ್ಟು ಹೊರಗೆ ಓಡಿದೆ. ತೊರೆಯ ಆಚೆ ಜೌಗು ನೆಲವಿದೆ. ಮೇಲೆ ಹಸಿರು ಹಾಸಿಗೆಯ ಹಾಗೆ ಕಾಣುತ್ತದೆ, ಕೆಳಗೆ ಕಪ್ಪು ನೀರು. ನಮ್ಮ ಹಸುವೊಂದು ಅಲ್ಲೇ ಸಿಕ್ಕಿಬಿದ್ದು ಸತ್ತಿತ್ತು. ರಕ್ಷಣಾ ದಳಕ್ಕೆ ಫೋನ್ ಮಾಡಿದೆವು, ಆದರೆ ಪೇಟೆಯಿಂದ ಅವರು ಬರುವುದು ತಡವಾಗುತ್ತದೆ. ಗಂಡಸರು ಕಾಡಿನ ತುಂಬ "ಪಿಹ್ಲಾ! ಪಿಹ್ಲಾ!" ಎಂದು ಅರಚುತ್ತಿದ್ದರು. ಹೆದರಿದವರ ಕೂಗು ಸಿಟ್ಟಿನ ಕೂಗಿನಂತೆಯೇ ಕೇಳಿಸುತ್ತದೆ. ಹೆನ್ನಾಳದಂತೂ ಹಾಗೇ ಕೇಳಿಸುತ್ತಿತ್ತು.

"ಬೈಸ್ಕೊಂಡು ಹೋದ ಮಗು, ಇಷ್ಟು ಜನ ಕೂಗಾಡಿದ್ರೆ ಇನ್ನೂ ಅವಿತುಕೊಳ್ಳುತ್ತೆ" ಎಂದೆ ನಾನು. ಮಕ್ಕಳೆಲ್ಲ ಸೇರಿ ಪ್ತ್ರೂಯ್ ಎಂದರು. ಆ ಸಣ್ಣ ದನಿಗಳು ತೊರೆಯನ್ನೂ ದಾಟಲಿಲ್ಲ. ನಾನು ಕರೆದೆ. ನನ್ನದು ಒಡಕು ಗಂಟಲು, ಕಾಗೆ ಹಾರಿಹೋಯಿತು ಅಷ್ಟೆ.

ಅತ್ತಿಗೆಯ ಕಡೆ ತಿರುಗಿ, "ತೈಮಿ, ನೀನು ಕರಿ" ಎಂದೆ.

"ನನ್ನ ಕೈಲಾಗಲ್ಲ ರೈಲಿ. ನನ್ನ ದನಿ ನಂಬ್ಕೊಂಡು ಬಂದವಳನ್ನ ಏನು ಮಾಡ್ದೆ ಅಂತ ನೀನೇ ನೋಡಿದ್ಯಲ್ಲ."

"ನೋಡಿದೀನಿ. ಅವತ್ತು ನಿನಗೆ ಬೇರೆ ದಾರಿ ಇರ್ಲಿಲ್ಲ, ಇವತ್ತೂ ಇಲ್ಲ. ಜೌಗಿನ ಹತ್ರ ಮಗು ಇದೆ ಮಾರಾಯ್ತಿ, ಕರಿ!"

ಅವಳು ತೊರೆಯ ಸೇತುವೆಯವರೆಗೆ ಕುಂಟಿಕೊಂಡು ಹೋದಳು. ಕೈ ಬಾಯಿಯ ಸುತ್ತ ಹಿಡಿದಳು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಆ ದನಿ ಬಂತು. ವಯಸ್ಸಾದವಳ ದನಿಯೇ ಅಲ್ಲ ಅದು. "ಪ್ತ್ರೂಯ್, ಪ್ತ್ರೂಯ್, ಬನ್ನಿ ನನ್ನ ತಾಯಂದಿರಾ, ಬನ್ನಿ ಮನೆಗೆ, ಹೆಲುನಾ ಬಾ, ಹೆಲುನಾ ಬಾರೇ..." ಕಾಡಿನ ಆಚೆಯಿಂದ ಅದು ಮತ್ತೆ ನಮಗೇ ಕೇಳಿಸಿತು. ಅರಚುತ್ತಿದ್ದ ಗಂಡಸರೆಲ್ಲ ಬಾಯಿ ಮುಚ್ಚಿದರು. ಅವಳು ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ, ಆದರೂ ನಿಲ್ಲಿಸಲಿಲ್ಲ.

ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಜೌಗಿನ ಅಂಚಿನಲ್ಲಿ ಒಂದು ಸ್ಪ್ರೂಸ್ ಮರ ನೆಲಕ್ಕೆ ತಾಗುವ ಹಾಗೆ ಕೊಂಬೆ ಇಳಿಬಿಟ್ಟಿದೆ. ಅದರ ಕೆಳಗಿನಿಂದ ಪಿಹ್ಲಾ ತೆವಳಿಕೊಂಡು ಹೊರಬಂದಳು. ಒಂದು ಕಾಲಲ್ಲಿ ಬೂಟಿಲ್ಲ, ಬಾಯೆಲ್ಲ ನೀಲಿ. ಮುಷ್ಟಿಯಲ್ಲಿ ಕಾಯಿ ಹಸು. ಹೆನ್ನಾ ಓಡಿ ಅಪ್ಪಿಕೊಂಡು, ಅಳುತ್ತಲೇ, "ಎಲ್ಲಿ ಹಾಳಾಗಿ ಹೋಗಿದ್ದೆ..." ಎಂದು ಶುರುಮಾಡಿದಳು.

"ಬೈಯೋ ಹಾಗಿಲ್ಲ" ಎಂದಳು ಪಿಹ್ಲಾ. "ಮನೆಗೆ ಬಂದ್ನಲ್ಲ."

ಹೆನ್ನಾ ಬಾಯಿ ಮುಚ್ಚಿಕೊಂಡಳು. ಮಗು ಅವಳ ತೋಳಿನಿಂದ ಜಾರಿ ಇಳಿದು ಬಂದು ತೈಮಿಯ ಮುಂದೆ ನಿಂತಿತು.

"ನಾನು ಬರಲ್ಲ ಅಂತ ಕೂತಿದ್ದೆ ಅಜ್ಜಿ. ಹೆಲುನಾನೇ ಬಂದಿದ್ದು. ನಿನ್ನ ದನಿ ಅಂತ ಅವಳಿಗೆ ಗೊತ್ತಾಯ್ತು. ನಡಿ ನಡಿ ಅಂದ್ಲು."

ತೈಮಿ ಏಪ್ರನ್ನಿನ ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದಳು. ಪಿಹ್ಲಾ ಅಭ್ಯಾಸದಂತೆ ಅಂಗೈ ಚಾಚಿದಳು, ಚಾಚಿದ ಅಂಗೈ ಮೇಲೆ ಕಾಯಿ ಹಸು ನಿಂತಿತ್ತು. ಒಂದು ಕಾಲು ಮುರಿದಿತ್ತು. ತೈಮಿ ಮೊದಲು ಅದರ ಮುಂದೆ ಒಂದು ಚಿಟಿಕೆ ಉಪ್ಪಿಟ್ಟಳು.

"ಬಂದ್ಯಾ ನನ್ನವ್ವ" ಎಂದಳು. "ಇನ್ನೂ ನನ್ನ ಕರೆಗೆ ಬರ್ತೀಯಾ?"